ಆರನೆಯ ಖಾನೆಯ ತಪ್ಪು

ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುವ ಒಂಬತ್ತೂವರೆಯ ಬಸ್ಸಿಗೆ ಅವರು ಎಂಟೂವರೆಗೇ ಬಂದು ನಿಲ್ಲುತ್ತಿದ್ದರು. ಬಸ್ಸು ಬೇಗ ಬಂದು ಹೊರಟುಬಿಟ್ಟರೆ ಎಂಬ ಭಯ. ಆ ದಾರಿಯಲ್ಲಿ ಬಸ್ಸು ಬೇಗ ಬಂದದ್ದನ್ನು ಯಾರೂ ಕಂಡಿಲ್ಲ ಎಂದು ನಾನು ಹೇಳಿದರೆ, "ಇಲ್ಲಿತನಾ ಬಂದಿಲ್ಲ ಅಂದ್ರ ಇನ್ಮ್ಯಾಲ ಬರಂಗೇ ಇಲ್ಲ ಅಂತ ಏನದ ಬೇಟಾ?" ಎಂದು ನನ್ನನ್ನೇ ಕೇಳುತ್ತಿದ್ದರು. ಬಸ್ಸಿನಲ್ಲಿ ಟಿಕೀಟು ಅಂಗಿಯ ಕಿಸೆಯಲ್ಲಿ, ಕಿಸೆಯ ಮೇಲೆ ಅಂಗೈ. ದಾರಿಯ ರಾಜೇಶ್ವರ ಊರು ದಾಟುವಾಗ ಒಮ್ಮೆ ಚೀಲದೊಳಗೆ ಕೈಯಾಡಿಸಿ ತಮ್ಮ ವಹಿ ಇದೆಯೇ ಎಂದು ನೋಡಿಕೊಳ್ಳುವರು. ಹುಮನಾಬಾದಿನಲ್ಲಿ ಇಳಿದ ಮೇಲೆ ಇನ್ನೊಮ್ಮೆ. ನನ್ನ ಅಂಗಡಿಯ ಮೆಟ್ಟಿಲೇರಿ ಕುರ್ಚಿಯ ತುದಿಯಲ್ಲಿ ಕೂತ ಮೇಲೆ ಮತ್ತೊಮ್ಮೆ.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಹೆಸರು ಬರೆಯುತ್ತಿಲ್ಲ. ಛಾಪಿಸಿದ ಹಾಳೆಗಳ ಮೇಲೂ ತಮ್ಮ ಹೆಸರು ಹಾಕಲು ಅವರು ಬಿಡಲಿಲ್ಲ. ನಾನು ಒಂದು ಸಲ ಕೇಳದೆ ಹಾಕಿದ್ದಕ್ಕೆ ಬೆರಳಿನಿಂದ ಆ ಜಾಗವನ್ನು ಮುಚ್ಚಿಕೊಂಡು, "ತಗಿ ಬೇಟಾ, ತಗಿ. ನಾಳೆ ಇದರಾಗ ಒಂದು ತಪ್ಪು ಸಿಕ್ತಂದ್ರ ಮಂದಿ ಹೆಸರಿಟ್ಟೇ ಬೈತಾರ" ಎಂದಿದ್ದರು. ಎಲ್ಲರೂ ಅವರನ್ನು ಮಾಸ್ತರ್ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಹುಮನಾಬಾದಿನ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಅಂಗಡಿಗಳ ಬೋರ್ಡು, ಶ್ರದ್ಧಾಂಜಲಿಯ ಬ್ಯಾನರು ಇವೆಲ್ಲ ನನ್ನ ಕೆಲಸ. ಸಂಗೀತ ಎಂದರೆ ರೇಡಿಯೋ ಹಚ್ಚಿಟ್ಟು ಟೈಪು ಮಾಡುವುದಷ್ಟೇ ಗೊತ್ತಿದ್ದವಳು ನಾನು. ನಾಲ್ಕು ವರ್ಷದ ಹಿಂದೆ ಒಂದು ಮುಂಜಾನೆ ಬಿಳಿ ಪೈಜಾಮ, ಇಸ್ತ್ರಿಯ ಗೆರೆ ಕೆಡದ ಕಂದು ಕೋಟು ತೊಟ್ಟ ಎತ್ತರದ ಮುದುಕರೊಬ್ಬರು ಬಂದು ಒಂದು ಹಳೆಯ ವಹಿ ಬಿಚ್ಚಿ ಮೇಜಿನ ಮೇಲಿಟ್ಟರು. ಐದೈದು ಗೆರೆ ಎಳೆದು, ಗೆರೆಗಳ ಮೇಲೆ ಪೆನ್ಸಿಲಿನಿಂದ ಗೊದಮೊಟ್ಟೆಗಳಂಥ ಗುರುತುಗಳನ್ನು ಸಾಲಾಗಿ ಬರೆದಿದ್ದರು.

"ಇದನ್ನ ಛಾಪಿಸಾಕ ಬರತದೇನ್ರಿ?"

"ಝೆರಾಕ್ಸ್ ಮಾಡಿಕೊಡ್ತೀನ್ರಿ."

"ಝೆರಾಕ್ಸ್ ಬ್ಯಾಡ್ರಿ. ಪೆನ್ಸಿಲ್ ಅಳಿಸಾಕತ್ತದ. ಅಳಿಸಿದ್ದನ್ನ ಝೆರಾಕ್ಸ್ ಮಾಡಿದ್ರ ಅಳಿಸಿದ್ದೇ ಬರತದ."

ಅವರ ತಂದೆ ಬಸವಕಲ್ಯಾಣದಲ್ಲಿ ಮದುವೆ ಬ್ಯಾಂಡು ಕಟ್ಟಿದ್ದವರು. ಮಂಠಾಳ, ಮೋರಖಂಡಿ, ಘಾಟಬೋರಾಳ, ಎಲ್ಲಿ ಮೆರವಣಿಗೆ ಇದ್ದರೂ ಅವರದೇ ಬ್ಯಾಂಡು. ಆ ಗುಂಪಿನಲ್ಲಿ ಓದಿ ಬಾರಿಸುವವರು ಯಾರೂ ಇರಲಿಲ್ಲ. ಕಿವಿಯಿಂದ ಕಲಿತು ಉಸಿರಿನಿಂದ ಬಾರಿಸುವುದು. ಮಾಸ್ತರ್ ಮಾತ್ರ ಪೊಲೀಸ್ ಬ್ಯಾಂಡಿಗೆ ಸೇರಿ ಕ್ಲಾರಿನೆಟ್ ಬಾರಿಸುತ್ತ ಐದು ಗೆರೆಯ ಸ್ವರಲಿಪಿ ಕಲಿತರು. ರಜೆಗೆ ಊರಿಗೆ ಬಂದಾಗಲೆಲ್ಲ ತಂದೆಯನ್ನು ಕೂರಿಸಿಕೊಂಡು, ಅವರು ಬಾರಿಸಿದ ಧಾಟಿಗಳನ್ನು ಈ ವಹಿಯಲ್ಲಿ ಬರೆದುಕೊಂಡಿದ್ದರು. ಒಟ್ಟು ಮೂವತ್ತೊಂದು ಧಾಟಿ. ಬರೆಸಿದವರು ಹೋಗಿ ಎಷ್ಟೋ ಕಾಲವಾಗಿತ್ತು. ಆ ಬ್ಯಾಂಡೂ ಒಡೆದು, ಈಗ ಮದುವೆಗಳಲ್ಲಿ ಲಾರಿಯ ಮೇಲೆ ಸ್ಪೀಕರು ಬಂದಿತ್ತು.

ನಿವೃತ್ತಿಯ ನಂತರ ಮಾಸ್ತರ್ ವಾರಕ್ಕೆ ಮೂರು ದಿನ ಹುಮನಾಬಾದಿಗೆ ಬಂದು ಇಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಬ್ಯಾಂಡು ಕಲಿಸುತ್ತಿದ್ದರು. ಹದಿನಾರು ಹುಡುಗಿಯರು. ಐದು ವಾರದಲ್ಲಿ ಬೀದರಿನಲ್ಲಿ ಜಿಲ್ಲಾ ಮಟ್ಟದ ಸ್ಪರ್ಧೆ. ಅಲ್ಲಿ ತಂದೆಯ ಧಾಟಿಯೊಂದನ್ನು ಹುಡುಗಿಯರು ಬಾರಿಸಬೇಕು, ಪ್ರತಿ ವಾದ್ಯಕ್ಕೂ ಬೇರೆ ಬೇರೆ ಹಾಳೆ ಬೇಕು. "ಬರೆದು ಕೊಡೋಣಂದ್ರ ಕೈ ನಡುಗತದ" ಎಂದರು. ಆಮೇಲೆ ತಿಳಿದಂತೆ ನಡುಗುತ್ತಿದ್ದದ್ದು ಕೈ ಅಲ್ಲ, ಮನಸ್ಸು. ಶಾಲೆಯವರು, ಮಾಸ್ತರಿಗೆ ವಯಸ್ಸಾಯಿತು, ಬೇರೆಯವರನ್ನು ನೋಡೋಣ ಎಂದು ಆಗಲೇ ಮಾತಾಡಿಕೊಳ್ಳುತ್ತಿದ್ದರಂತೆ. ಅವರಿಗೆ ಈ ಸ್ಪರ್ಧೆಯೊಂದೇ ಆಸರೆಯಾಗಿತ್ತು.

ಆಗುವುದಿಲ್ಲ ಎಂದು ಕಳಿಸಬಹುದಿತ್ತು. ಆದರೆ ನನಗೆ ಅಕ್ಷರ ಜೋಡಿಸುವ ಹುಚ್ಚು. ಎರಡು ದಿನ ಅಂತರ್ಜಾಲದಲ್ಲಿ ಹುಡುಕಿದ ಮೇಲೆ ಒಂದು ಪುಕ್ಕಟೆ ತಂತ್ರಾಂಶ ಸಿಕ್ಕಿತು. ಅದರಲ್ಲಿ ಮೌಸಿನಿಂದ ಚಿತ್ರ ಎಳೆಯುವ ಕೆಲಸವಿಲ್ಲ. ಬರೀ ಅಕ್ಷರ ಮತ್ತು ಅಂಕಿ ಟೈಪು ಮಾಡುವುದು. ಸಿ, ಡಿ, ಇ ಎಂದು ಸ್ವರದ ಹೆಸರು, ಮುಂದೆ ನಾಲ್ಕು ಬರೆದರೆ ಒಂದು ಮಾತ್ರೆ, ಎಂಟು ಬರೆದರೆ ಅರ್ಧ ಮಾತ್ರೆ. ಎಲ್ಲ ಬರೆದು ಒಂದು ಗುಂಡಿ ಒತ್ತಿದರೆ ಅದೇ ಓದಿಕೊಂಡು ಗೆರೆ, ಸ್ವರ, ತಾಳ ಎಲ್ಲವನ್ನೂ ಪುಸ್ತಕದಲ್ಲಿದ್ದಂತೆ ಅಚ್ಚುಕಟ್ಟಾಗಿ ಹಾಳೆಗಿಳಿಸುತ್ತದೆ. ತಪ್ಪು ಕಂಡರೆ ಇಂಥ ಸಾಲಿನಲ್ಲಿ ತಪ್ಪಿದೆ ಎಂದು ಕೆಂಪಕ್ಷರದಲ್ಲಿ ಬೈಯುತ್ತದೆ.

ಮಾಸ್ತರ್ ಓದಿ ಹೇಳುವುದು, ನಾನು ಟೈಪು ಮಾಡುವುದು ಎಂದಾಯಿತು. "ಸಿ ನಾಲ್ಕು, ಡಿ ಎಂಟು, ಇ ಎಂಟು" ಎಂದು ಒಂದೊಂದೇ ಸ್ವರ ಬೆರಳಿಟ್ಟು ಓದುವರು. ಐದು ನಿಮಿಷಕ್ಕೊಮ್ಮೆ, "ಸೇವ್ ಆತೇನ್ ಬೇಟಾ?"

"ಆತ್ರಿ."

"ಇನ್ನೊಮ್ಮೆ ಮಾಡ್ರಿ. ಕರೆಂಟಿಂದು ಏನ್ ಭರೋಸಾ ಅದ?"

ಒಂದೇ ಕಡತವನ್ನು ಮೂರು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳುತ್ತಿದ್ದರು. ಒಂದು ಕೋಟಿನ ಒಳಗಿಸೆಯಲ್ಲಿ, ಒಂದು ಶಾಲೆಯ ಕಪಾಟಿನಲ್ಲಿ, ಮೂರನೆಯದು ಮನೆಯಲ್ಲಿ ಅಕ್ಕಿ ಡಬ್ಬಿಯೊಳಗೆ. ಮನೆಗೆ ಬೆಂಕಿ ಬಿದ್ದರೆ ಅಕ್ಕಿ ಡಬ್ಬಿಗೆ ತಾಗುವುದು ಕಡೆಗೆ ಎನ್ನುವುದು ಅವರ ಲೆಕ್ಕ.

ತಂತ್ರಾಂಶ ನಮ್ಮಿಬ್ಬರನ್ನೂ ಚೆನ್ನಾಗಿ ಕಾಡಿತು. ಒಂದು ಅಲ್ಪವಿರಾಮ ಬಿಟ್ಟುಹೋದರೆ ಅಲ್ಲಿಂದ ಮುಂದಿನ ಸ್ವರಗಳೆಲ್ಲ ಗೆರೆಗಳನ್ನು ಬಿಟ್ಟು ಮೇಲಕ್ಕೆ ಹಾರಿ ಹಾಳೆಯ ನೆತ್ತಿ ಮುಟ್ಟುತ್ತಿದ್ದವು. ಕನ್ನಡದಲ್ಲಿ ಬರೆದ ತಲೆಬರಹ ಖಾಲಿ ಚೌಕಗಳಾಗಿ ಬಂತು. ಕ್ಲಾರಿನೆಟ್ಟಿನವರಿಗೆ ಒಂದು ಸ್ವರ ಏರಿಸಿ ಬರೆಯಬೇಕಂತೆ. ನಾನು ಇಳಿಸಿ ಬರೆದಿದ್ದೆ. ಹಾಳೆ ನೋಡಿದೊಡನೆ ಅವರ ಮುಖ ಬಿಳಿಚಿತು. "ಇದನ್ನ ಹುಡುಗ್ಯಾರ ಕೈಯಾಗ ಕೊಟ್ಟಿದ್ರ?" ಎಂದು ನೀರು ಕುಡಿದು, ಹಣೆ ಒರೆಸಿಕೊಂಡು, "ಕೊಟ್ಟಿದ್ರ?" ಎಂದು ಮತ್ತೆ ಕೇಳಿದರು. ಕೊಟ್ಟಿಲ್ಲವಲ್ಲ ಎಂದರೂ ಅವರ ಎದೆಬಡಿತ ಇಳಿಯಲು ಹೊತ್ತು ಹಿಡಿಯಿತು.

ಆದರೆ ನಿಜವಾದ ತಪ್ಪು ಎದುರಿಗೆ ಬಂದಾಗ ಇದೇ ಮನುಷ್ಯ ನನಗಿಂತ ಗಟ್ಟಿಯಾಗಿರುತ್ತಿದ್ದರು. ಒಂದು ದಿನ ತಂತ್ರಾಂಶ ಎಂಬತ್ತನಾಲ್ಕನೆಯ ಸಾಲಿನಲ್ಲಿ ತಪ್ಪಿದೆ ಎಂದು ಹಟ ಹಿಡಿಯಿತು. ಆ ಸಾಲನ್ನು ಇಪ್ಪತ್ತು ಸಲ ಓದಿದೆ. ಏನೂ ಇಲ್ಲ. ಅಳಿಸಿ ಮತ್ತೆ ಬರೆದೆ. ಅದೇ ಬೈಗುಳ. ಅಳು ಬರುವಂತಾಗಿತ್ತು. ಅವರು ಪರದೆಯ ಕಡೆ ನೋಡಲೂ ಇಲ್ಲ.

"ಬ್ಯಾಂಡಿನ್ಯಾಗ ಎಡವಿದಾಕಿದು ತಪ್ಪಿರಂಗಿಲ್ಲ ಬೇಟಾ. ಅಕಿಗಿಂತ ಮೊದಲ ಯಾರೋ ಬಿಟ್ಟಿರತಾರ. ನಾ ಎಡವಿದಾಕಿನ್ನ ಬೈಯಂಗಿಲ್ಲ. ಹಿಂದ ಹೋಗ್ತೀನಿ. ನೀನೂ ಹಿಂದ ಹೋಗು."

ಹಿಂದೆ ಹೋದೆ. ಅರವತ್ತೊಂದನೆಯ ಸಾಲಿನಲ್ಲಿ ತೆರೆದ ಆವರಣ ಚಿಹ್ನೆಯನ್ನು ಮುಚ್ಚಿರಲಿಲ್ಲ.

ಎರಡನೆಯ ವಾರದಲ್ಲಿ ಅವರು ಇನ್ನೊಂದು ಕಟ್ಟುನಿಟ್ಟು ತಂದರು. ಸ್ವರಗಳನ್ನು ತಾಳಕ್ಕೆ ಸರಿಯಾಗಿ ತುಂಡರಿಸಿ ನಡುವೆ ಒಂದು ಅಡ್ಡಗೆರೆ ಎಳೆಯುತ್ತಾರೆ. ಎರಡು ಗೆರೆಗಳ ನಡುವಿನ ಜಾಗವನ್ನು ಅವರು ಖಾನೆ ಎನ್ನುತ್ತಿದ್ದರು. ಒಂದು ಖಾನೆಗೆ ನಾಲ್ಕೇ ಮಾತ್ರೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಟೈಪು ಮಾಡುವಾಗ ಪ್ರತಿ ಖಾನೆ ಮುಗಿದಲ್ಲಿ ಒಂದು ಗೆರೆ ಹಾಕಿದರೆ, ಅಲ್ಲಿಗೆ ನಾಲ್ಕು ಮಾತ್ರೆ ತುಂಬಿದೆಯೇ ಎಂದು ತಂತ್ರಾಂಶ ಎಣಿಸಿ ನೋಡುತ್ತದೆ. ಹಾಕದಿದ್ದರೂ ನಡೆಯುತ್ತದೆ. ಆದರೆ ಎಲ್ಲೋ ಅರ್ಧ ಮಾತ್ರೆ ಬಿಟ್ಟಿದ್ದರೆ ಅಲ್ಲಿಂದ ಮುಂದಿನದೆಲ್ಲ ಸದ್ದಿಲ್ಲದೆ ಜರುಗಿಬಿಡುತ್ತದೆ. ನಾನು ಸೋಮಾರಿತನಕ್ಕೆ ಹಾಕುತ್ತಿರಲಿಲ್ಲ.

"ಪ್ರತಿ ಖಾನೆಗೂ ಬಾಗಲಾ ಹಾಕ್ರಿ" ಎಂದರು. "ಬಾಗಲಾ ಇಲ್ಲದ ಮನಿಯಾಗ ಏನು ಹೋತು ಅಂತ ಗೊತ್ತೇ ಆಗಂಗಿಲ್ಲ."

ಹಾಕಿದೆ. ಅವತ್ತಿನಿಂದ ನನ್ನ ನೆಮ್ಮದಿ ಹೋಯಿತು.

ಸ್ಪರ್ಧೆಗೆ ಆಯ್ದ ಧಾಟಿಯನ್ನು ಪೂರ್ತಿ ಟೈಪು ಮಾಡಿ ಗುಂಡಿ ಒತ್ತಿದರೆ ಎಂಟು ಎಚ್ಚರಿಕೆ. ಇಂಥ ಖಾನೆಯಲ್ಲಿ ಒಂದು ಮಾತ್ರೆ ಕಡಿಮೆ, ಇಂಥದರಲ್ಲಿ ಒಂದೂವರೆ ಕಡಿಮೆ. ಕಂಪ್ಯೂಟರಿನಿಂದಲೇ ಧಾಟಿ ನುಡಿಸಿ ಕೇಳಿದರೆ ಅಲ್ಲಲ್ಲಿ ಮೆಟ್ಟಿಲು ತಪ್ಪಿ ಬಿದ್ದಂತೆ ಕೇಳುತ್ತಿತ್ತು. "ಕಂಪ್ಯೂಟರ್ ಕುಂಟಾಕತ್ತದ" ಎಂದರು ಅವರು, ಬೇರೆ ಕಡೆ ನೋಡುತ್ತ. ನಾನು ನನ್ನದೇ ತಪ್ಪೆಂದುಕೊಂಡೆ. ಮತ್ತೆ ಓದಿಸಿದೆ. ಈ ಸಲ ಒಂಬತ್ತು ಎಚ್ಚರಿಕೆ. ಸ್ಪರ್ಧೆಗೆ ಹದಿನೆಂಟು ದಿನ ಉಳಿದಿತ್ತು. ಹುಡುಗಿಯರ ಕೈಯಲ್ಲಿ ಇನ್ನೂ ಒಂದು ಹಾಳೆಯೂ ಇರಲಿಲ್ಲ. ನಾನು ತಂತ್ರಾಂಶವನ್ನು ತೆಗೆದು ಹೊಸದಾಗಿ ಹಾಕಿದೆ, ಹಳೆಯ ಆವೃತ್ತಿ ಹಾಕಿ ನೋಡಿದೆ, ಗೊತ್ತಿಲ್ಲದ ಊರುಗಳ ಗೊತ್ತಿಲ್ಲದ ಜನರಿಗೆ ಅರೆಬರೆ ಇಂಗ್ಲಿಷಿನಲ್ಲಿ ಪ್ರಶ್ನೆ ಬರೆದೆ. ಎಲ್ಲರೂ ಒಂದೇ ಉತ್ತರ ಕೊಟ್ಟರು. ತಂತ್ರಾಂಶದ ಎಣಿಕೆ ಸರಿಯಿದೆ, ನೀವು ಬರೆದದ್ದರಲ್ಲೇ ಸ್ವರ ಕಡಿಮೆ ಇದೆ.

ವಹಿ ನೋಡಿ ತಾಳೆ ಹಾಕೋಣವೆಂದರೆ ಅವರು ಅದನ್ನು ಕೈಬಿಡುತ್ತಿರಲಿಲ್ಲ. ಹಾಗಿದ್ದವರು ಒಂದು ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಹೊರಟಾಗ ಅನುಮಾನಿಸುತ್ತ ನಿಂತರು. "ಇವತ್ತ ಮಸೀದ್ಯಾಗ ಗದ್ದಲ ಭಾಳ ಇರತದ. ಚೀಲ ಎಲ್ಲಿಡ್ಲಿ ಅನ್ನೋದೇ ಫಿಕರ್. ವಹಿ ನಿನ್ನ ಕಡೆ ಇರಲಿ. ಚಹಾ ಪಹಾ ಚೆಲ್ಲಬ್ಯಾಡ ನೋಡು" ಎಂದು ಮೂರು ಸಲ ಹೇಳಿ ಹೋದರು.

ಅವರ ಬೆನ್ನು ಮರೆಯಾದದ್ದೇ ತಡ, ವಹಿ ಬಿಚ್ಚಿ ಎಚ್ಚರಿಕೆ ಬಂದ ಖಾನೆಗಳನ್ನು ಒಂದು ಚೀಟಿಯ ಮೇಲೆ ಬರೆದುಕೊಂಡೆ. ಆರು. ಹನ್ನೆರಡು. ಹದಿನೆಂಟು. ಇಪ್ಪತ್ನಾಲ್ಕು. ಮೂವತ್ತು. ಹೀಗೇ ಐವತ್ನಾಲ್ಕರ ತನಕ. ನನಗೆ ಸಂಗೀತ ಬರುವುದಿಲ್ಲ, ಆದರೆ ಆರರ ಮಗ್ಗಿ ಬರುತ್ತದೆ. ವಹಿಯ ಪುಟದಲ್ಲಿ ಪ್ರತಿ ಸಾಲಿಗೆ ಆರು ಖಾನೆ. ಬಿಟ್ಟುಹೋದ ಸ್ವರಗಳೆಲ್ಲ ಸಾಲಿನ ಕಡೆಯಲ್ಲಿ, ಹಾಳೆಯ ಬಲ ಅಂಚಿನಲ್ಲಿದ್ದವು. ಪೆನ್ಸಿಲ್ ಅಲ್ಲಿ ಅಳಿಸಿರಲಿಲ್ಲ. ನನಗೇ ಸ್ಪಷ್ಟವಾಗಿ ಕಾಣುತ್ತಿತ್ತು.

ತಪ್ಪು ತಂತ್ರಾಂಶದ್ದಲ್ಲ, ನನ್ನ ಬೆರಳಿನದ್ದೂ ಅಲ್ಲ. ಮೇಜಿನ ಮೇಲೆ ಅವರು ಕೂರುವ ಕುರ್ಚಿಯ ಬಲಗಡೆ ಚಹಾದ ಕಪ್ಪು ಕೆನೆ ಕಟ್ಟಿ ತಣ್ಣಗೆ ಕೂತಿತ್ತು. ಎಷ್ಟೋ ದಿನ ಹೀಗೆಯೇ ಆಗಿತ್ತು. ಚಹಾ ತರಿಸಿಟ್ಟಿರುತ್ತಿದ್ದೆ, ಹೋಗುವಾಗ ಅವರು, "ಇವತ್ತ ಚಹಾ ಬರಲೇ ಇಲ್ಲಲ್ಲ" ಎನ್ನುತ್ತಿದ್ದರು. ನಾನು ತಮಾಷೆ ಎಂದುಕೊಂಡು ನಕ್ಕಿದ್ದೆ.

ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ ಮಸೀದಿಯ ದಾರಿ ಹಿಡಿದೆ. ನಮಾಜು ಬಿಟ್ಟಿತ್ತು. ರಸ್ತೆಯ ಆಚೆ ಅವರು ನಿಂತಿದ್ದರು, ಟೋಪಿಯನ್ನು ಮಡಚಿ ಕಿಸೆಗೆ ಸೇರಿಸುತ್ತ. ಆಮೇಲೆ ಎಡಗಡೆ ನೋಡಿದರು. ಇನ್ನೊಮ್ಮೆ ಎಡಗಡೆ ನೋಡಿದರು. ರಸ್ತೆಗೆ ಕಾಲಿಟ್ಟರು. ಬಲಗಡೆಯಿಂದ ಒಂದು ಟೆಂಪೋ ಹಾರನ್ನು ಒತ್ತಿ ಹಿಡಿದುಕೊಂಡೇ ಬರುತ್ತಿತ್ತು. ಅವರು ಆ ಸದ್ದು ಕೇಳಿದರು, ಆದರೆ ಎಡಗಡೆಗೆ ತಿರುಗಿ ಹುಡುಕಿದರು.

ನಾನು ಕೂಗಿದ್ದು ಏನೆಂದು ನೆನಪಿಲ್ಲ. ಟೆಂಪೋ ಕಿರುಗುಟ್ಟುತ್ತ ಅವರಿಂದ ಒಂದು ಮೊಳ ದೂರದಲ್ಲಿ ನಿಂತಿತು. ಚಾಲಕ ತಲೆ ಹೊರಗೆ ಹಾಕಿ, "ಕಾಣಂಗಿಲ್ಲೇನ್ರಿ ಚಾಚಾ?" ಎಂದು ಬೈದ. ಮಾಸ್ತರ್ ಅವನ ದನಿ ಬಂದ ಕಡೆ ಪೂರ್ತಿ ಮೈ ತಿರುಗಿಸಿ, "ಮಾಫ್ ಮಾಡಪ್ಪ" ಎಂದರು. ನಾನು ಹೋಗಿ ಅವರ ಬಲ ತೋಳು ಹಿಡಿದುಕೊಂಡೆ. ಹಿಡಿದದ್ದು ಯಾರೆಂದು ತಿಳಿಯಲು ಅವರು ಕತ್ತು ಹೊರಳಿಸಬೇಕಾಯಿತು.

ಅವತ್ತು ಅವರನ್ನು ಒಬ್ಬರನ್ನೇ ಬಸ್ಸಿಗೆ ಬಿಡಲು ಧೈರ್ಯವಾಗಲಿಲ್ಲ. ಬಸವಕಲ್ಯಾಣದಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ ಜೊತೆಗೆ ಹತ್ತಿದೆ. ಅವರಿಗೆ ನನ್ನ ಸುಳ್ಳು ತಿಳಿದಿತ್ತೆಂದು ತೋರುತ್ತದೆ. ದಾರಿಯುದ್ದಕ್ಕೂ ಚೀಲದೊಳಗೆ ಕೈ ಹಾಕಲಿಲ್ಲ. ಕಿಟಕಿಯಾಚೆಯ ತೊಗರಿ ಹೊಲ ನೋಡುತ್ತ ಕೂತಿದ್ದರು. ಹೇಗೆ ಹೇಳಬೇಕು ಎಂದು ನಾನು ಮನಸ್ಸಿನಲ್ಲೇ ಹತ್ತು ವಾಕ್ಯ ಕಟ್ಟಿ ಹತ್ತನ್ನೂ ಅಳಿಸಿದೆ.

ಕೋಟೆಯ ಕಡೆಯ ಓಣಿಯಲ್ಲಿ ಅವರ ಮನೆ. ಅವರ ಹೆಂಡತಿಯನ್ನು ಕಂಡದ್ದು ಅದೇ ಮೊದಲು. ಚಿಕ್ಕಮ್ಮ ಎನ್ನುವ ಹಾಗೆ ಖಾಲಾ ಎಂದು ಕರೆದೆ. ಸಣ್ಣ ಆಳಿನ, ಚುರುಕು ಕಣ್ಣಿನ ಹೆಂಗಸು. ಗಂಡನ ಜೊತೆ ಮಾತಾಡದೆ ನನ್ನನ್ನು ಮಾತ್ರ ಮಾತಾಡಿಸಿ ನೀರು ಕೊಟ್ಟರು. ನಾನು ವಹಿಯನ್ನು ತೆರೆದು ಚೀಟಿಯನ್ನು ಅದರ ಪಕ್ಕ ಇಟ್ಟೆ.

"ಮಾಸ್ತರ್ರೀ, ತಪ್ಪು ಸಿಕ್ಕದ. ಎಲ್ಲಾ ಸಾಲಿನ ಕಡೀಕಿನ ಖಾನೆ. ಬಲಗಡೆ ಅಂಚಿನ್ಯಾಗ ಇರೋ ಸುರ ನಿಮಗ ಕಾಣಾಕತ್ತಿಲ್ಲ."

ಅವರು ಚೀಟಿಯನ್ನು ಎಡಕ್ಕೆ ಸರಿಸಿಕೊಂಡು ಓದಿದರು. ಆಮೇಲೆ ಮೆತ್ತಗೆ, "ಗೊತ್ತದ ಬೇಟಾ" ಎಂದರು.

ನಾಲ್ಕು ತಿಂಗಳ ಹಿಂದೆ ಒಂದು ಮುಂಜಾನೆ ತಲೆ ಸಿಡಿದಂತಾಗಿ ಅರ್ಧ ಗಂಟೆ ಮಲಗಿದ್ದರಂತೆ. ಎದ್ದಾಗ ನೋವು ಹೋಗಿತ್ತು. ಜೊತೆಗೆ ಬಲಗಡೆಯ ಲೋಕವೂ ಹೋಗಿತ್ತು. ಕತ್ತಲೆ ಅಲ್ಲವಂತೆ, ಮಸುಕೂ ಅಲ್ಲವಂತೆ. "ಅಲ್ಲಿ ಏನೂ ಇಲ್ಲೇ ಇಲ್ಲ ಅನಸ್ತದ. ಇಲ್ಲದ್ದನ್ನ ಹ್ಯಾಂಗ ಹುಡುಕ್ಲಿ?" ಯಾರಿಗೂ ಹೇಳಲಿಲ್ಲ. ಹೇಳಿದರೆ ಶಾಲೆಯವರು ಮರುದಿನವೇ ಬರಬೇಡಿ ಎನ್ನುತ್ತಾರೆ. ಬಸ್ಸಿನ ಫಿಕರು, ವಹಿಯ ಫಿಕರು, ಸೇವ್ ಆಯಿತೋ ಇಲ್ಲವೋ ಎನ್ನುವ ಫಿಕರು ಇವನ್ನೆಲ್ಲ ದಿನವಿಡೀ ಬಾಯಿಬಿಟ್ಟು ಆಡಿದ ಮನುಷ್ಯ ಇದೊಂದನ್ನು ನುಂಗಿಕೊಂಡು ಕೂತಿದ್ದರು.

"ಸ್ಪರ್ಧಾ ಒಂದು ಮುಗೀಲಿ. ಆಮ್ಯಾಲ ಎಲ್ಲಿಗೆ ಅಂತೀರೋ ಅಲ್ಲಿಗೆ ಬರ್ತೀನಿ."

ನಾನು ಖಾಲಾನ ಕಡೆ ನೋಡಿದೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮುಖ ಕೆಂಪಾಗಿತ್ತು.

"ನಾ ಬಲಗಡೆ ಕೂತ್ರ ನನ್ನ ಕೂಡ ಮಾತೇ ಆಡಂಗಿಲ್ಲ ಇವ್ರು. ತಾಟು ಮುಂದಿಟ್ರ ಅರ್ಧಾ ರೊಟ್ಟಿ ಬಿಟ್ಟು ಏಳ್ತಾರ. ನನ್ನ ಮ್ಯಾಲ ಸಿಟ್ಟು ಅಂತ ತಿಳಕೊಂಡು ನಾನೂ ಮಾತು ಬಿಟ್ಟೆ. ನಾಕು ತಿಂಗಳ, ಬೇಟಿ. ನಾಕು ತಿಂಗಳ ಒಂದೇ ಮನಿಯಾಗ ಇಬ್ರೂ ಮೂಕರಾಗಿ ಕೂತೀವಿ."

ಮಾಸ್ತರ್ ಗಾಬರಿಯಾಗಿ ಎದ್ದರು. "ಸಿಟ್ಟು? ನಿನ್ನ ಮ್ಯಾಲ? ನೀನೇ ನನ್ನ ಮ್ಯಾಲ ಸಿಟ್ಟಾಗೀದಿ ಅಂತ ನಾ..." ಎಂದು ಅರ್ಧಕ್ಕೇ ನಿಂತರು. ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆ ಮುಂಜಾನೆ ದವಾಖಾನಿಗೆ. ಸ್ಪರ್ಧಾ ಗಿರ್ಧಾ ನನಗ ಹೇಳಬ್ಯಾಡ್ರಿ" ಎಂದರು.

ಮರುದಿನ ಮೂವರೂ ಕಲಬುರಗಿಗೆ ಹೋದೆವು. ಕಣ್ಣಿನ ವೈದ್ಯರು ಕಣ್ಣು ನೋಡಿ, ಎರಡೂ ಚೆನ್ನಾಗಿವೆ ಎಂದು ಮೆದುಳಿನ ವೈದ್ಯರ ಕಡೆ ಕಳಿಸಿದರು. ಸ್ಕ್ಯಾನಿನ ಕೋಣೆಯ ಹೊರಗೆ ಕೂತ ಆ ಎರಡು ಗಂಟೆಯಲ್ಲಿ ಖಾಲಾ ಜಪದ ಮಣಿ ಎಣಿಸಿದರು, ನಾನು ನೆಲದ ಹಾಸುಗಲ್ಲು ಎಣಿಸಿದೆ. ಕಣ್ಣಿನಲ್ಲಿ ದೋಷವಿರಲಿಲ್ಲ. ತಲೆಯ ಹಿಂಭಾಗದಲ್ಲಿ ರಕ್ತನಾಳವೊಂದು ಕಟ್ಟಿ, ನೋಡಿದ್ದನ್ನು ಅರಿಯುವ ಜಾಗ ಸ್ವಲ್ಪ ಸತ್ತಿತ್ತು. ಹೋದ ನೋಟ ಬರುವುದಿಲ್ಲ ಎಂದರು. ಹಾಗೇ ಬಿಟ್ಟಿದ್ದರೆ ಇದಕ್ಕಿಂತ ದೊಡ್ಡದು ಯಾವಾಗ ಬೇಕಾದರೂ ಬರಬಹುದಿತ್ತು, ಈಗ ಮಾತ್ರೆ ಶುರು ಮಾಡೋಣ ಎಂದರು. "ಹ್ಯಾಂಗ ಗೊತ್ತಾತು ನಿಮಗ?" ಎಂದು ವೈದ್ಯರು ಕೇಳಿದಾಗ ಖಾಲಾ ನನ್ನ ಕಡೆ ಬೊಟ್ಟು ಮಾಡಿ, "ಇವಳ ಕಂಪ್ಯೂಟರ್ ಬೈತಂತ್ರಿ" ಎಂದರು.

ವೈದ್ಯರೇ ಒಂದು ಉಪಾಯ ಹೇಳಿಕೊಟ್ಟರು. ಓದುವ ಪುಟದ ಬಲ ಅಂಚಿಗೆ ಒಂದು ದಪ್ಪ ಕೆಂಪು ಗೆರೆ ಎಳೆಯಬೇಕು. ಆ ಗೆರೆ ಕಣ್ಣಿಗೆ ಬೀಳುವ ತನಕ ಸಾಲು ಮುಗಿಯಲಿಲ್ಲ ಎಂದು ತಿಳಿಯಬೇಕು. ನಾನು ವಹಿಯ ಪ್ರತಿ ಪುಟಕ್ಕೂ ಕೆಂಪು ಪಟ್ಟಿ ಅಂಟಿಸಿದೆ. ಅವರು ಕತ್ತನ್ನು ಬಲಕ್ಕೆ ಹೊರಳಿಸುತ್ತ, ಪಟ್ಟಿ ಕಂಡಾಗ "ಹಾಂ, ಬಂತು" ಎನ್ನುತ್ತ, ಮತ್ತೆ ಮೊದಲಿನಿಂದ ಓದಿ ಹೇಳಿದರು. ಮೂರು ದಿನ ಹಿಡಿಯಿತು. ಗುಂಡಿ ಒತ್ತಿದಾಗ ಒಂದೂ ಎಚ್ಚರಿಕೆ ಬರಲಿಲ್ಲ. ಅವರು ನಂಬದೆ, "ಬೈಯಾದು ಮರತಿಲ್ಲಲ್ಲ ಅದು?" ಎಂದು ಕೇಳಿ ಇನ್ನೆರಡು ಸಲ ಒತ್ತಿಸಿದರು. ಅವರ ಕೈಗೆಂದು ಬೇರೆಯೇ ಒಂದು ಪ್ರತಿ ಮಾಡಿದೆ. ಅಗಲ ಕಡಿಮೆಯ ಹಾಳೆ, ಸಾಲಿಗೆ ಮೂರೇ ಖಾನೆ, ಕಡೆಗೊಂದು ಕೆಂಪು ಗೆರೆ.

ಶಾಲೆಗೆ ಅವರೇ ಹೋಗಿ ಹೇಳಿದರು. ಅಷ್ಟು ದಿನ ಹೆದರಿದ್ದ ಆ ಮಾತಿಗೆ ಮುಖ್ಯೋಪಾಧ್ಯಾಯಿನಿ, ಸ್ಪರ್ಧೆಯ ತನಕ ನೀವೇ ನಡೆಸಿ, ಆಮೇಲಿನದನ್ನು ಆಮೇಲೆ ನೋಡೋಣ ಎಂದರಂತೆ. ಅದು ಹೌದೋ ಅಲ್ಲವೋ ಎಂದು ಅವರು ನಾಲ್ಕು ದಿನ ತಲೆ ಕೆಡಿಸಿಕೊಂಡರು.

ಬೀದರಿನ ಮೈದಾನದಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಳೆಗಳು ನನ್ನ ಕೈಯಿಂದ ಬಂದವು. ಒಂದು ಸ್ವರ ತಪ್ಪಿದ್ದರೂ ಅದು ಹದಿನಾರು ಜನರ ಬಾಯಲ್ಲಿ ಮೈದಾನದ ತುಂಬ ಕೇಳುತ್ತದೆ. ಹುಡುಗಿಯರು ಬಿಳಿ ಸಮವಸ್ತ್ರದಲ್ಲಿ ಸಾಲು ನಿಂತರು. ಉಳಿದ ಬ್ಯಾಂಡುಗಳ ಮಾಸ್ತರುಗಳೆಲ್ಲ ತಂಡದ ನಟ್ಟ ನಡುವೆ ಎದುರಾಗಿ ನಿಂತಿದ್ದರು. ಹಾಗೆ ನಿಲ್ಲಬೇಕೆಂಬುದು ನಿಯಮ. ನಮ್ಮ ಮಾಸ್ತರ್ ನಡುವಿಗೆ ಬಂದರು. ಕೋಲೆತ್ತಿದರು. ಇಳಿಸಿದರು. ತಂಡವನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದರು. ಆಮೇಲೆ ನಿಧಾನಕ್ಕೆ ಬಲಗಡೆಗೆ ನಡೆಯತೊಡಗಿದರು. ಕೊನೆಯ ಡ್ರಮ್ಮಿನ ಹುಡುಗಿಯನ್ನೂ ದಾಟಿ ಹೋಗಿ, ಅಲ್ಲಿಂದ ತಿರುಗಿ ನಿಂತರು. ತೀರ್ಪುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಹಾಳೆಯಲ್ಲಿ ಏನೋ ಗುರುತು ಹಾಕಿದ್ದನ್ನು ನಾನೇ ಕಂಡೆ.

ಅವರು ಕೋಲೆತ್ತಿದರು. ಧಾಟಿ ಶುರುವಾಯಿತು. ಕ್ಲಾರಿನೆಟ್ಟು ಎತ್ತಿಕೊಂಡಿತು, ತುತ್ತೂರಿಗಳು ಸೇರಿದವು. ಮೂರು ವಾರ ನನ್ನ ಪರದೆಯ ಮೇಲೆ ಅಂಕಿ ಅಕ್ಷರಗಳಾಗಿ ಸತ್ತು ಬಿದ್ದಿದ್ದದ್ದು ಎದ್ದು ಮೈದಾನದಲ್ಲಿ ನಡೆಯಿತು. ಪ್ರತಿ ಆರನೆಯ ಖಾನೆ ಬಂದಾಗ ನಾನು ಉಸಿರು ಹಿಡಿದೆ. ಎಲ್ಲೂ ಕುಂಟಲಿಲ್ಲ.

ನಮಗೆ ಮೂರನೆಯ ಸ್ಥಾನ ಬಂತು. ಮಾಸ್ತರ್ ನಿಂತ ಜಾಗ ನಿಯಮಕ್ಕೆ ಹೊಂದಲಿಲ್ಲ ಎಂದು ಅಂಕ ಕಡಿದಿದ್ದರಂತೆ. ಕಾರಣ ಹೇಳೋಣ ಎಂದು ನಾನು ತೀರ್ಪುಗಾರರ ಕಡೆ ಹೊರಟಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಬ್ಯಾಡ ಬೇಟಾ. ನಡುವ ನಿಂತಾಗ ಎಂಟೇ ಮಂದಿ ಇದ್ರು. ಅಲ್ಲಿ ಹೋಗಿ ನಿಂತ್ರ ಹದಿನಾರೂ ಕಂಡ್ರು."

ಅದಾದ ಮೇಲೆ ಎರಡು ವರ್ಷ ಅವರು ಶಾಲೆಗೆ ಬಂದರು. ಸಂಜೆ ವಾಪಸು ಹೋಗುವಾಗ ದೊಡ್ಡ ಹುಡುಗಿಯೊಬ್ಬಳು ಬಲಗಡೆ ನಡೆದು ರಸ್ತೆ ದಾಟಿಸುತ್ತಿದ್ದಳು. ಬುಧವಾರಗಳಲ್ಲಿ ನನ್ನ ಅಂಗಡಿಗೆ ಬಂದು ಉಳಿದ ಧಾಟಿಗಳನ್ನು ಬರೆಸುವರು. ಶಾಲೆ ಬಿಟ್ಟ ಮೇಲೂ ಬುಧವಾರ ಬಿಡಲಿಲ್ಲ. ಹೆದರಿಕೆಯೂ ಬಿಡಲಿಲ್ಲ. ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂದು ಅಂಗಡಿಯಿಂದಲೇ ಮನೆಗೆ ಫೋನು ಹಚ್ಚಿ ಖಾಲಾಗೆ ಡಬ್ಬಿಯ ಮಾತ್ರೆ ಎಣಿಸಲು ಹೇಳುವರು. ಮೂವತ್ತು ಧಾಟಿ ಮುಗಿದವು. ಮೂವತ್ತೊಂದನೆಯದನ್ನು ಮಾತ್ರ ಮುಂದೂಡುತ್ತ ಬಂದರು. ಆ ಪುಟದ ಕೆಳಗಿನ ಮೂಲೆಯನ್ನು ಹುಳ ತಿಂದಿತ್ತು. ಒಂದು ಖಾನೆಯಲ್ಲಿ ಎರಡು ಮಾತ್ರೆಯಷ್ಟು ಸ್ವರ ಹೋಗಿತ್ತು. ಯಾರನ್ನಾದರೂ ಕೇಳಿ ಹೇಳುತ್ತೇನೆ ಎನ್ನುತ್ತಿದ್ದರು. ತಂದೆಯ ಜೊತೆ ಬಾರಿಸಿದವರು ಯಾರೂ ಉಳಿದಿರಲಿಲ್ಲ.

ಎರಡು ತಿಂಗಳ ಹಿಂದೆ ಅವರು ಮುಂಜಾನೆ ಹಾಸಿಗೆಯಿಂದ ಏಳಲಿಲ್ಲ. ಸುದ್ದಿ ಬಂದಾಗ ನಾನು ಯಾರದೋ ಲಗ್ನಪತ್ರಿಕೆ ಜೋಡಿಸುತ್ತಿದ್ದೆ.

ನಲವತ್ತು ದಿನ ಕಳೆದ ಮೇಲೆ ಮನೆಗೆ ಹೋದೆ. ಮೂವತ್ತು ಧಾಟಿಗಳನ್ನು ಹೊಲಿದು ಪುಸ್ತಕ ಮಾಡಿಸಿದ್ದೆ. ಖಾಲಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. ಓದಲು ಬಾರದಿದ್ದರೂ ಒಂದೊಂದೇ ಪುಟ ಮಗುಚಿದರು. ಉಳಿದ ಒಂದರ ಮಾತು ತೆಗೆದೆ. ಅದು ರುಖ್ಸತಿಯ ಧಾಟಿ, ಮದುಮಗಳನ್ನು ಗಂಡನ ಮನೆಗೆ ಕಳಿಸುವಾಗ ಬಾರಿಸುವಂಥದು ಎಂದು ವಹಿಯಲ್ಲಿ ಬರೆದಿತ್ತು.

"ಅದು ಗೊತ್ತದ ನನಗ" ಎಂದರು. "ನನ್ನ ಮದುವಿಗೆ ಮಾವನವರದೇ ಬ್ಯಾಂಡು. ಅದನ್ನೇ ಬಾರಿಸಿದ್ರು. ಇವ್ರಿಗೆ ಕೇಳಿದ್ರ, ನಾ ಕುದುರಿ ಮ್ಯಾಲಿದ್ದೆ, ಕುದುರಿ ಎಲ್ಲಿ ಕೆಡವತದೋ ಅಂತ ಅಂಜಿಕಿ, ಧಾಟಿ ಯಾರು ಕೇಳಿದ್ರು ಅಂತಿದ್ರು."

ಹೋದ ಎರಡು ಮಾತ್ರೆಯ ಜಾಗದಲ್ಲಿ ಏನಿದ್ದಿರಬಹುದೆಂದು ನಾನು ಹಿಂದುಮುಂದಿನ ಖಾನೆಗಳನ್ನು ನೋಡಿ ಎರಡು ಬಗೆಯಾಗಿ ಬರೆದು ಫೋನಿನಲ್ಲಿ ತಂದಿದ್ದೆ. ತಂತ್ರಾಂಶ ಎರಡನ್ನೂ ಒಪ್ಪಿತ್ತು. ಅದು ಮಾತ್ರೆ ಎಣಿಸುತ್ತದೆ, ಅಷ್ಟೇ. ಯಾವುದು ಅವರ ತಂದೆಯದು ಎಂದು ಹೇಳಲು ಅದಕ್ಕೆ ಬಾರದು. ತಪ್ಪನ್ನು ಪುಸ್ತಕಕ್ಕೆ ಸೇರಿಸಿಬಿಡುತ್ತೇನೇನೋ ಎಂಬ ಹೆದರಿಕೆಯಲ್ಲಿ ನನಗೆ ವಾರದಿಂದ ನಿದ್ದೆ ಸರಿಯಿರಲಿಲ್ಲ.

ಮೊದಲನೆಯದನ್ನು ಹಚ್ಚಿದೆ. ಖಾಲಾ ಕಣ್ಣು ಮುಚ್ಚಿ ಕೇಳಿ ಸುಮ್ಮನೆ ತಲೆಯಾಡಿಸಿದರು, ಅಲ್ಲ ಎಂದು.

ಎರಡನೆಯದನ್ನು ಹಚ್ಚಿದೆ. ಮೊದಲ ಸಾಲು ಹೋಯಿತು, ಎರಡನೆಯದು ಹೋಯಿತು. ಆ ಖಾನೆ ಬಂತು. ಖಾಲಾ ತಟ್ಟನೆ ನನ್ನ ಮಣಿಕಟ್ಟು ಹಿಡಿದರು.

"ಇದೇ, ಬೇಟಿ" ಎಂದರು. "ಇಲ್ಲಿಗೇ ನೋಡು, ನಮ್ಮ ಅಪ್ಪ ನನ್ನ ಕೈ ಬಿಟ್ಟಿದ್ದ."